ಅಪ್ಪನ ತಿಥಿ

೧೨-೮-೧೯೬೨, ಭಾನುವಾರ. ಯಶವಂತಪುರ.

ಅಂಗಿಯಿಂದ ಸಾಂಬ್ರಾಣಿ ವಾಸನೆ ಇನ್ನೂ ಹೋಗಿಲ್ಲ. ಥೂ, ನನ್ನ ಬಾಳಿಗೆ!

ಪುಟ್ಟೇನಹಳ್ಳಿಯಿಂದ ಬಂದ ಅವ್ವ, ನನಗಿಷ್ಟವೆಂದು ಒಣಮೆಣಸಿನಕಾಯಿ, ಧನಿಯ ಹುರಿದು ಅರೆದು ದನದ ಬಾಡಿನ ಸಾರು ಮಾಡಿದಳು. ಅದು ಕುದಿಯುವಾಗಲೇ ಆಫೀಸಿನ ಶೇಷಗಿರಿ ಬಾಗಿಲು ತಟ್ಟಿದರು. ಅವರಿಗೆ ವಾಸನೆ ತಿಳಿಯಬಾರದೆಂದು ಕೆಂಡಕ್ಕೆ ಸಾಂಬ್ರಾಣಿ ಸುರಿದು ಬಾಗಿಲು ತೆಗೆದೆ.

"ಏನ್ರೀ ಪಿಳ್ಳಣ್ಣ, ಮನೇಲಿ ಪೂಜೆನಾ?"

"ಅಪ್ಪನ ತಿಥಿ," ಅಂದುಬಿಟ್ಟೆ.

ಪಾಪ, ಕೈಮುಗಿದು ಹೊಸ್ತಿಲಿಂದಲೇ ಹೊರಟುಹೋದರು. ಒಳಗೆ ಅವ್ವನ ಸೌಟಿನ ಸದ್ದು ನಿಂತುಹೋಗಿತ್ತು. ಅಪ್ಪ ಊರಲ್ಲಿ ಗಟ್ಟಿಮುಟ್ಟಾಗಿದ್ದಾನೆ. ಇವತ್ತೂ ಹೊಲಕ್ಕೆ ಹೋಗಿರುತ್ತಾನೆ.

ಅವ್ವ ಮುದ್ದೆ ಇಟ್ಟು ಸಾರು ಬಿಟ್ಟಳು. ಎರಡು ಸಲ ಹಾಕಿಸಿಕೊಂಡು ಉಂಡೆ. ರುಚಿಯಾಗಿತ್ತು, ಅದೇ ಸಂಕಟ.

ಊರಿಗೆ ಹೊರಡುವಾಗ ಅವ್ವ ಡಬ್ಬಿಗೆ ಸಾರು ತುಂಬಿಕೊಂಡಳು. ಯಾರಿಗೆ ಎಂದು ಕೇಳಬಾರದಿತ್ತು, ಕೇಳಿದೆ.

"ಸತ್ತೋರ್ಗೆ ಎಡೆ ಇಕ್ಬೇಕಲ್ಲಪ್ಪ," ಅಂದಳು.