ಅಡುಗೆಕಟ್ಟೆಯ ಮೇಲಿನ ಮೌಸ್

ಮಾರಿಸ್‌ವಿಲ್, ಶನಿವಾರ

ಪ್ರೀತಿಯ ನಳಿನಿ ಆಂಟಿಗೆ,

ಡಬ್ಬಿಯಲ್ಲಿರುವ ದೋಸೆಹಿಟ್ಟು ನೀವು ಎರವಲು ಕೊಟ್ಟ ಗ್ರೈಂಡರಿನಲ್ಲಿ ರುಬ್ಬಿದ್ದು. ಉಪ್ಪು ನೀವೇ ಹಾಕಿಕೊಳ್ಳಿ.

ಮನೆಯಿಂದ ಕೆಲಸ ಮಾಡುವವರ ಮೌಸಿನ ಮೇಲೆ ನಮ್ಮ ಕಂಪನಿ ಈಗ ಕಣ್ಣಿಟ್ಟಿದೆ. ತುಸು ಹೊತ್ತು ಅಲುಗದಿದ್ದರೆ ಸೋಮಾರಿ ಎಂದು ಲೆಕ್ಕ. ನನಗೋ ಕೆರೆಯ ಸುತ್ತ ನಡೆದರೇನೇ ತಲೆ ಓಡುವುದು. ಮೊನ್ನೆ ಉದ್ದು ರುಬ್ಬಲು ಹಾಕಿ, ಲ್ಯಾಪ್‌ಟಾಪು, ಮೌಸು ಎಲ್ಲ ಅಡುಗೆಕಟ್ಟೆಯ ಮೇಲೆಯೇ ಬಿಟ್ಟು ವಾಕಿಂಗ್ ಹೋದೆ. ಇಡೀ ಟೀಮನ್ನು ಕಾಡುತ್ತಿದ್ದ ಸಮಸ್ಯೆಗೆ ಅಲ್ಲೇ ಉತ್ತರ ಹೊಳೆಯಿತು. ಇತ್ತ ಗ್ರೈಂಡರಿನ ಜೊತೆ ಮೌಸೂ ನಡುಗಿ, ಎಲ್ಲರಿಗಿಂತ ನಾನೇ ಚುರುಕು ಎಂದು ವರದಿ ಬಂತು!

ನಿನ್ನೆ ಮ್ಯಾನೇಜರ್ ಬದರಿನಾಥ್ ವಿಡಿಯೋ ಕಾಲ್‌ನಲ್ಲಿ ಹೊಗಳುತ್ತಿದ್ದಾಗ ಈ ಹಿಟ್ಟು ತಿರುಗುತ್ತಿತ್ತು.

"ಅದೇನ್ರೀ ಹರಿಣಿ, ಸೌಂಡು?"

ಕೆಲಸ ಹೋದರೆ ವೀಸಾವೂ ಹೋಗುತ್ತದೆ. ಆದರೂ ಕ್ಯಾಮೆರಾ ತಿರುಗಿಸಿ, ಕುಣಿಯುತ್ತಿದ್ದ ಮೌಸನ್ನು ತೋರಿಸಿಯೇಬಿಟ್ಟೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ನೀವು ವಾಕ್ ಮಾಡ್ಕೊಂಡೇ ಕೆಲ್ಸ ಮಾಡಿ. ಆ ರಿಪೋರ್ಟ್ ನಾನಿನ್ನು ನೋಡಲ್ಲ."

ಆಂಟಿ, ಗ್ರೈಂಡರ್ ಇನ್ನೊಂದು ವಾರ ಇಟ್ಟುಕೊಳ್ಳಬಹುದೇ? ನನಗಲ್ಲ. ಬದರಿನಾಥರ ಮೌಸಿನ ಮೇಲೂ ಅವರ ಬಾಸ್ ಕಣ್ಣಿಟ್ಟಿದ್ದಾರಂತೆ. ಸಂಜೆ ಬದರಿನಾಥರೇ ಪಕ್ಕದ ರಾಲಿ ನಗರದಿಂದ ಒಯ್ಯಲು ಬರುತ್ತಿದ್ದಾರೆ. ಉದ್ದನ್ನು ಆಗಲೇ ನೆನೆಹಾಕಿದ್ದಾರೆ.

ನಿಮ್ಮ ಪಕ್ಕದ ಮನೆಯ
ಹರಿಣಿ