ಓಣಿಗೊಬ್ಬಳು ಎಚ್ಚರದಾಕೆ

ಸುರಪುರ, ಉರಿತಿಂಗಳ ಮೂವತ್ತನಾಲ್ಕನೆಯ ದಿನ, ೨೨೬೧

ಹಿಂದಿನ ಕಾಲದ ಹಿರಿಯರಿಗೆ,

ಈ ತಾರೀಖು ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಮೇ ಮುಗಿದರೂ ಬೇಸಿಗೆ ಮುಗಿಯದಾದಾಗ ನಮ್ಮವರು ನಡುವೆ ಒಂದು ತಿಂಗಳನ್ನೇ ತುರುಕಿ ಅದಕ್ಕೆ ಉರಿತಿಂಗಳು ಎಂದು ಹೆಸರಿಟ್ಟರು. ನನ್ನ ಇನ್ನೂ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕಾಣಬಹುದು, ಮನ್ನಿಸಿ. ನನ್ನ ಹೆಸರು ನೀಲಗಂಗಮ್ಮ. ಕೆಳಗಿನ ಓಣಿಯ ಎಚ್ಚರದಾಕೆ. ಹಾಗೆಂದರೇನು ಎಂದು ಹೇಳದೆ ಮುಂದೆ ಹೋಗಲಾರೆ.

ನೋವು ಎಲ್ಲಿದೆ, ಎಷ್ಟಿದೆ ಎಂದು ಗುರುತಿಸುವ ಭಾಗ ಮಿದುಳಿನಲ್ಲಿ ಒಂದು. ಅದು ಸಂಕಟವೆನಿಸುವಂತೆ ಮಾಡುವ ಭಾಗ ಇನ್ನೊಂದು. ನಿಮ್ಮ ಕಾಲದ ವೈದ್ಯರಿಗೂ ಇದರ ಸುಳಿವು ಸಿಕ್ಕಿತ್ತಂತೆ. ಗಾಯ ಮಾಗಿ ವರ್ಷಗಳಾದರೂ ಕೆಲವರ ಮಿದುಳು ನೋವನ್ನು ಬಿಡದೆ ಹಿಡಿದುಕೊಂಡಿರುತ್ತದೆ. ನಿಮ್ಮ ನಂತರದವರು ಬಲು ಜಾಣರು. ನೋವನ್ನು ಮುಟ್ಟದೆ, ಹಣೆಯ ಹಿಂದೆ ಆಳದಲ್ಲಿರುವ ಸಂಕಟದ ಜಾಗವನ್ನಷ್ಟೇ ಸುಮ್ಮನಾಗಿಸಿದರು. ಇದಕ್ಕೆ ನಾವು ತಣಿಸುವುದು ಎನ್ನುತ್ತೇವೆ. ತಲೆಗೆ ಒಂದು ಟೋಪಿ ಹಾಕಿ ಕೂರಿಸುತ್ತಾರೆ. ಚಹಾ ಆರುವಷ್ಟರಲ್ಲಿ ಮುಗಿಯುತ್ತದೆ. ತಣಿದವರನ್ನು ಕೇಳಿದರೆ ಎಲ್ಲರದೂ ಒಂದೇ ಉತ್ತರ: “ನೋವು ಅದ, ಆದ್ರ ಏನೂ ಅನಸವಲ್ದು.” ಮೊದಲು ನೋವಿದ್ದವರನ್ನು ತಣಿಸಿದರು, ಆಮೇಲೆ ನೋವು ಬರಬಹುದಾದವರನ್ನು. ಈಗಂತೂ ಹಲ್ಲು ಹುಟ್ಟುವ ಮೊದಲೇ ತಣಿಸುತ್ತಾರೆ.

ಎಡವಟ್ಟಾದದ್ದು ಇಲ್ಲಿ. ಬೇರೆಯವರ ನೋವು ಕಂಡಾಗ ಕರುಳು ಚುರುಕ್ ಎನ್ನುವುದೂ ಅದೇ ಜಾಗದ ಕೆಲಸವಾಗಿತ್ತು. ನಾನು ಚಿಕ್ಕವಳಿದ್ದಾಗ ನನ್ನ ಸೋದರಮಾವ ಮಲ್ಕಪ್ಪನ ಕೂಸು ಕಾದ ಹಂಚಿನ ಮೇಲೆ ಕೈಯಿಟ್ಟು ಚೀರಿದಾಗ, ಅವನು ನೋಡಿದ, ರೊಟ್ಟಿ ಉಂಡು ಮುಗಿಸಿದ, ಕೈ ತೊಳೆದ, ಆಮೇಲೆ ಎದ್ದ. ಕೆಟ್ಟವನಲ್ಲ. ಅವಸರ ಅನ್ನಿಸಲಿಲ್ಲ, ಅಷ್ಟೇ. ಇಂಥವು ಹೆಚ್ಚಾದ ಮೇಲೆ ಓಣಿಗೊಬ್ಬರನ್ನು ತಣಿಸದೆ ಉಳಿಸಿಕೊಳ್ಳುವ ಪದ್ಧತಿ ಬಂತು. ಅವರೇ ಎಚ್ಚರದವರು. ಅವರ ಮನೆಯ ಮಕ್ಕಳನ್ನೂ ಹಾಗೇ ಬಿಡುತ್ತಾರೆ, ಮುಂದಕ್ಕೆ ಬೇಕಲ್ಲ. ಬೆಳಿಗ್ಗೆ ನಾನು ಮನೆಮನೆಗೆ ಹೋಗಿ ಎಲ್ಲರ ಕೈಕಾಲು ನೋಡುತ್ತೇನೆ. ಒಬ್ಬನ ಅಂಗಾಲಿನಲ್ಲಿ ಮೊಳೆ, ಒಬ್ಬಳ ಬೆನ್ನಿನಲ್ಲಿ ಕೀವು. ಗೊತ್ತಿದ್ದೂ ಸುಮ್ಮನಿರುತ್ತಾರೆ. ಬಾಯಿಗೆ ಬಂದಂತೆ ಬೈದು, ಗಾಯ ಕಟ್ಟಿ ಬರುತ್ತೇನೆ. ಬೈದರೆ ನಗುತ್ತಾರೆ, ಮಹರಾಯರು.

ನನಗೆ ದವಡೆಯ ನರದ ನೋವಿದೆ. ಗಾಳಿ ತಾಗಿದರೂ ಮುಖದ ಮೇಲೆ ಕೆಂಡ ಸುರಿದಂತಾಗುತ್ತದೆ. ತಣಿಸಿಕೊಳ್ಳುವ ಆಸೆ ನನಗಿಲ್ಲವೆಂದು ತಿಳಿಯಬೇಡಿ. ದಿನಾ ಆಸೆಪಡುತ್ತೇನೆ.

ಮಗಳು ಚಂಪಾವತಿ ಮೊದಲೆಲ್ಲ ನನ್ನ ಪಕ್ಕ ಕೂತು ತಾನೂ ಅಳುತ್ತಿದ್ದಳು. ಹೋದ ವರ್ಷ ಬಿದ್ದು ಸೊಂಟ ಮುರಿದುಕೊಂಡಳು. ಮೂಳೆ ಕೂಡಿದರೂ ನೋವು ಹೋಗಲಿಲ್ಲ. ಅವಳ ನರಳಾಟ ಕೇಳಲಾರದೆ ನಾನೇ ಕೈಹಿಡಿದು ತಣಿಸುವ ಮನೆಗೆ ಕರೆದೊಯ್ದೆ. ಇವತ್ತಾದರೂ ಅದನ್ನೇ ಮಾಡುತ್ತಿದ್ದೆ. ಮೊನ್ನೆ ನಾನು ನೆಲಕ್ಕೆ ಬಿದ್ದು ಒದ್ದಾಡುವಾಗ ಅವಳು ತಲೆ ಬಾಚಿಕೊಳ್ಳುತ್ತಿದ್ದಳು. ಅನ್ನ ಬೆಂದಿತೇ ಎಂದು ವಿಚಾರಿಸುವ ಹಾಗೆ ಕೇಳಿದಳು: “ಯವ್ವಾ, ಇನ್ನಾ ನೋಯ್ಲಾಕತ್ತದೇನು?” ದವಡೆಗಿಂತ ಆ ಮಾತೇ ನನ್ನನ್ನು ಹೆಚ್ಚು ನೋಯಿಸಿತು. ಮರುದಿನವೇ ತಣಿಸುವ ಮನೆಗೆ ಹೋಗಿ ನನ್ನ ಹೆಸರನ್ನೂ ಕೊಟ್ಟುಬಂದೆ. ಓಣಿಯವರು “ಆಗಲಿ ಬಿಡವ್ವಾ” ಎಂದರು. ಮುಂದೆ ಯಾರು ಎಂದು ಒಬ್ಬರೂ ಕೇಳಲಿಲ್ಲ.

ನಾಳೆ ನನ್ನ ಸರದಿ ಇತ್ತು. ಚಂಪಾವತಿ ಈಗ ದಿನ ತುಂಬಿದ ಬಸುರಿ. ಇಂದು ಮಧ್ಯಾಹ್ನ ತೊಟ್ಟಿಲಿನ ಹಗ್ಗ ಬಿಗಿಯುತ್ತಿದ್ದಾಗ ಮುಂದಾಗುವುದು ಹೊಳೆಯಿತು. ಕೂಸು ಅಳುತ್ತದೆ. ಅವಳಿಗೆ ಕೇಳಿಸುತ್ತದೆ. ಕೇಳಿಸಿಕೊಂಡು ಮಲಗಿರುತ್ತಾಳೆ. ನಾನೂ ತಣಿದರೆ ಅವಳ ಪಕ್ಕದಲ್ಲೇ ನಾನೂ ಮಲಗಿರುತ್ತೇನೆ. ಹಗ್ಗವನ್ನು ಅಲ್ಲೇ ಬಿಟ್ಟು ಓಡಿಹೋಗಿ ಸರದಿ ಬೇಡವೆಂದು ಹೇಳಿಬಂದೆ. ದಾರಿಯುದ್ದಕ್ಕೂ ಬಿಸಿಗಾಳಿ ದವಡೆಗೆ ಬಡಿಯಿತು.

ನೋವಿಗೆ ಮದ್ದು ಹುಡುಕಬೇಡಿ ಎಂದು ನಾನು ಬರೆಯುತ್ತಿಲ್ಲ. ಹುಡುಕಿ, ಬೇಗ ಹುಡುಕಿ. ಆದರೆ ಆ ಜಾಗವನ್ನು ಸುಮ್ಮನಾಗಿಸುವ ಮೊದಲು ಅದು ಇನ್ನೇನು ಮಾಡುತ್ತಿದೆ ಎಂದು ತಿಳಿದುಕೊಳ್ಳಿ. ನನಗೆ ವಯಸ್ಸಾಯಿತು. ನನ್ನ ನಂತರ ಈ ಓಣಿಗೆ ಎಚ್ಚರದವರೆಂದು ಉಳಿಯುವುದು ಹುಟ್ಟಲಿರುವ ಆ ಕೂಸು ಮಾತ್ರ. ಅದಕ್ಕೂ ಒಂದು ದಿನ ಬಿಡದ ನೋವು ಅಂಟಿಕೊಂಡು, ತಣಿಸು ಎಂದು ನನ್ನ ಕಾಲು ಹಿಡಿದರೆ, ಆಗುವುದಿಲ್ಲ ಎನ್ನಬೇಕಾದವಳು ನಾನೇ. ಆ ಮಾತನ್ನು ನನ್ನ ಬಾಯಿಂದ ಹೇಳಿಸಬೇಡಿ.

ನಿಮ್ಮ ಮೊಮ್ಮಕ್ಕಳ ಮೊಮ್ಮಗಳು,
ನೀಲಗಂಗಮ್ಮ