ಕೆಮ್ಮಿದ್ದು ನಾನು ಅಂದಿರಿ

ಅತ್ತೆಮ್ಮನಿಗೆ, ನಿಮ್ಮ ಸೊಸೆ ರೇಣುಕಾ ಬರೆಯುವುದು.

ಈಗ ಸಂಜೆ ಐದೂವರೆ. ಬೆಳಿಗ್ಗೆ ರೊಟ್ಟಿ ಮಾಡಿ ಸಹನಾಳನ್ನು ಸ್ಕೂಲಿಗೆ ಕಳಿಸಿದೆ. ಪಕ್ಕದ ಕಣಕ್ಕೆ ಮೆಕ್ಕೆಜೋಳ ಒಕ್ಕುವ ಮಿಷನ್ ಬಂದಿತ್ತು, ಧೂಳಿಗೆ ಹೆದರಿ ಕಿಟಕಿಗಳನ್ನು ಹಾಕಿಕೊಂಡು ಕೂತಿದ್ದೆ. ಮೂರು ಗಂಟೆಗೆ ಎದುರುಮನೆ ಶಾಂತಕ್ಕ ಬಂದಳು, ಮುಂದಿನ ಬಾಗಿಲು ಬಿಟ್ಟು ಹಿತ್ತಲ ಕಡೆಯಿಂದ. ಅವಳು ಹೋದ ಮೇಲೆ ದಿನಚರಿ ತೆಗೆದೆ. ಆದರೆ ಇದು ದಿನಚರಿಗೆ ಬರೆಯುವ ಮಾತಲ್ಲ, ನಿಮಗೇ ಹೇಳಬೇಕಾದ್ದು.

ಸಹನಾಗೆ ಅಸ್ತಮಾ ಎಂದು ಡಾಕ್ಟರು ಹೇಳಿದ ದಿನ ನಿಮಗೆ ನೆನಪಿದೆಯಾ? ಅವಳಿಗೆ ಆಗ ಐದು ವರ್ಷ. ಹೊನ್ನಾಳಿ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ನನ್ನನ್ನು ಕೂರಿಸಿಕೊಂಡು ಮೆಲ್ಲಗೆ ಹೇಳಿದಿರಿ. "ಹೆಣ್ಣು ಕೂಸು ಕಣೆ. ದಮ್ಮಿನ ರೋಗ ಐತೆ ಅಂತ ಒಂದ್ಸಲ ಹೆಸರು ಬಿದ್ರೆ ಮುಗೀತು. ಯಾರಾದ್ರೂ ಕೇಳಿದ್ರೆ ಪಂಪು ನಂದು ಅನ್ನು." ಅವತ್ತಿನಿಂದ ನಮ್ಮೂರು ಸವಳಂಗದ ಮೆಡಿಕಲ್ ನಮಗೆ ಬೇಡವಾಯಿತು. ನ್ಯಾಮತಿಯಲ್ಲಿ ನಿಮ್ಮ ತವರಿನವರಿದ್ದಾರೆ, ಅಲ್ಲಿಯೂ ಬೇಡ. ಪ್ರತಿ ತಿಂಗಳು ನೀವೇ ಬಸ್ಸು ಹತ್ತಿ ಹೊನ್ನಾಳಿಗೆ ಹೋಗಿ, ಔಷಧಿ ಎಳೆದುಕೊಳ್ಳುವ ಎರಡೂ ಪಂಪುಗಳನ್ನು ರವಿಕೆ ಕಣದಲ್ಲಿ ಸುತ್ತಿ ತರುತ್ತಿದ್ದಿರಿ. ಡಾಕ್ಟರ ಚೀಟಿ ಟ್ರಂಕಿನ ತಳದಲ್ಲಿ, ನಿಮ್ಮ ಧಾರೆ ಸೀರೆಯ ಅಡಿಯಲ್ಲಿ.

ಚನ್ನಗಿರಿಯ ಮದುವೆಯಲ್ಲಿ ನನ್ನ ಚೀಲದೊಳಗಿನ ಪಂಪನ್ನು ನಿಮ್ಮ ನಾದಿನಿ ನೋಡಿಬಿಟ್ಟರಲ್ಲ, ಆಗ ನೀವು ಮಾಡಿದ್ದು! ಊಟದ ಪಂಕ್ತಿಯಲ್ಲೇ ಎರಡು ಸಲ ಕೆಮ್ಮಿ, ಪಂಪನ್ನು ಬಾಯಿಗಿಟ್ಟು ದೀರ್ಘವಾಗಿ ಉಸಿರೆಳೆದಿರಿ. ನಾನು ಗಾಬರಿಯಾಗಿ ಕೇಳಿದರೆ, ಒತ್ತಲಿಲ್ಲ ಬಿಡೇ, ಔಷಧಿ ಸುಮ್ನೆ ಯಾಕೆ ಹಾಳು ಮಾಡಲಿ ಎಂದಿರಿ. ಬಸ್ಸಿನಲ್ಲಿ ಬರುವಾಗ ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ನಗು ಎಂಥ ಬೆಲೆ ಕೇಳುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು...

ಎರಡನೇ ಸಲ ಲಾಕ್‌ಡೌನ್ ಆದಾಗ ನಿಮ್ಮ ಮಗ ಬಿಳಿಚೋಡಿನಲ್ಲಿ ಬೋರ್‌ವೆಲ್ ಲಾರಿ ಜೊತೆ ಸಿಕ್ಕಿಬಿದ್ದಿದ್ದರು. ಬಸ್ಸಿಲ್ಲ, ಹೊನ್ನಾಳಿ ಇಲ್ಲ. ದಿನಾ ಎರಡು ಹೊತ್ತು ಎಳೆದುಕೊಳ್ಳಬೇಕಾದ ಕಂದು ಪಂಪು ಮುಗಿಯುತ್ತಾ ಬಂತು. ನಮ್ಮೂರ ಮೆಡಿಕಲ್ ಮನೆಯಿಂದ ಮುನ್ನೂರು ಹೆಜ್ಜೆ. ಬೆಳಿಗ್ಗೆ ಹತ್ತರವರೆಗೆ ತೆರೆದಿರುತ್ತಿತ್ತು. ನಾವು ಹೋಗಲಿಲ್ಲ. ಎರಡು ಹೊತ್ತನ್ನು ಒಂದು ಹೊತ್ತು ಮಾಡಿದೆವು, ಆಮೇಲೆ ದಿನ ಬಿಟ್ಟು ದಿನ. ಒಲೆ ಬಿಟ್ಟು ಗ್ಯಾಸಿನಲ್ಲೇ ನೀರು ಕಾಯಿಸಿದೆವು, ಕಸ ಗುಡಿಸುವ ಮುಂಚೆ ನೆಲಕ್ಕೆ ನೀರು ಚಿಮುಕಿಸಿದೆವು, ಕೌದಿಗಳನ್ನು ಬಿಸಿಲಿಗೆ ಹಾಕಿದೆವು. ಎಲ್ಲ ಮಾಡಿದೆವು. ಮುನ್ನೂರು ಹೆಜ್ಜೆ ನಡೆಯುವುದೊಂದನ್ನು ಬಿಟ್ಟು. ಅಷ್ಟು ಜಾಣರಾಗಿದ್ದೆವಾ ನಾವು?

ಕೊರೊನಾ ಓಡಿಸುತ್ತೇವೆ ಎಂದು ಓಣಿಯವರು ಮನೆಮನೆ ಮುಂದೆ ಬೇವಿನ ಸೊಪ್ಪು, ಬೆರಣಿ ಹಾಕಿ ಹೊಗೆ ಎಬ್ಬಿಸಿದ ಬೆಳಿಗ್ಗೆ ನನ್ನ ಕಣ್ಣಿಂದ ಹೋಗುವುದಿಲ್ಲ. ಸಹನಾಳ ಪಕ್ಕೆಲುಬಿನ ಸಂದಿ ಒಳಕ್ಕೆ ಹೋಗಿ ಬರುತ್ತಿತ್ತು. ಉಸಿರು ಕಟ್ಟಿದಾಗ ಕೊಡುವ ನೀಲಿ ಪಂಪನ್ನು ಉಸಿರೆಳೆಯುವ ಡಬ್ಬಿಗೆ ಸಿಕ್ಕಿಸಿ ಉಳಿದದ್ದನ್ನು ಒತ್ತಿದೆ, ನೀವು ಅವಳ ಬೆನ್ನು ಹಿಡಿದು ಹತ್ತು ಉಸಿರು ಎಣಿಸಿದಿರಿ. ಒಂದು ತಾಸಿಗೆ ಉಸಿರು ಹತೋಟಿಗೆ ಬಂತು. ಕೆಮ್ಮು ಮಾತ್ರ ಎರಡು ದಿನ ನಿಲ್ಲಲಿಲ್ಲ. ಅದನ್ನು ಗೋಡೆಯಾಚೆ ಕೇಳದ ಹಾಗೆ ಬಚ್ಚಿಡುವುದು ಹೇಗೆ? ಕೊರೊನಾ ಇರಬೇಕೆಂದು ಶಾಂತಕ್ಕ ಆಸ್ಪತ್ರೆಯವರಿಗೆ ಫೋನ್ ಮಾಡಿದ್ದಳು.

ಮೂರನೇ ದಿನ ಮೈತುಂಬ ಕವಚ ಹಾಕಿದ ಇಬ್ಬರು ಬಂದರು, ಜೊತೆಗೆ ಪಟ್ಟಿ ಹಿಡಿದ ಒಬ್ಬ ಹೆಂಗಸು. ಓಣಿ ಪೂರ್ತಿ ಕಟ್ಟೆಗಳ ಮೇಲೆ ನಿಂತಿತ್ತು, ಶಾಂತಕ್ಕ ಎಲ್ಲರಿಗಿಂತ ಮುಂದೆ. ಕೆಮ್ಮುತ್ತಿರುವುದು ಯಾರು ಎಂದು ಆ ಹೆಂಗಸು ಕೇಳಿದಳು. ನಾನು ಬಾಯಿ ತೆರೆಯುವುದರೊಳಗೆ ನೀವು ಹೊಸ್ತಿಲು ದಾಟಿದ್ದಿರಿ.

"ಕೆಮ್ಮಿದ್ದು ನಾನು ಕಣವ್ವ. ನಂಗೆ ಮೊದ್ಲಿಂದ್ಲೂ ದಮ್ಮು ಐತೆ. ಬೇಕಾದ್ರೆ ಈ ಊರ್ನೇ ಕೇಳು."

ಚೀಟಿ ಟ್ರಂಕಿನಲ್ಲಿತ್ತು. ಮಗುವಿಗೆ ಅಸ್ತಮಾ ಎಂದು ಒಂದು ಮಾತು ಹೇಳಿ ಅದನ್ನು ತೋರಿಸಬಹುದಿತ್ತು. ಮಗುವನ್ನೇ ಕರೆದೊಯ್ದರೆ ಎಂಬ ಭಯ ನನಗೆ, ಅದು ನಿಜ. ಆದರೆ ಕಟ್ಟೆಯ ಮೇಲಿನವರೆಲ್ಲ ಕೇಳಿಸಿಕೊಳ್ಳುತ್ತಾರೆ ಎಂಬ ಭಯವೂ ಅಷ್ಟೇ ಇತ್ತು. ನಾನು ಬಾಗಿಲ ಹಿಂದೆ ನಿಂತೆ. ನೀವು ಖಾಲಿಯಾಗಿದ್ದ ಪಂಪನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ನಾಕು ದಿನ ಹಾಸ್ಟೆಲ್ನಾಗೆ ಉಂಡು ಬರ್ತೀನಿ, ಮಜ್ಜಿಗೆ ಹೆಪ್ಪು ಕೆಡಿಸಬ್ಯಾಡ" ಎಂದು ಗಾಡಿ ಹತ್ತಿದಿರಿ. ಹೋಗುವಾಗ ನಿಮಗೆ ಒಂದು ಸೀನೂ ಇರಲಿಲ್ಲ.

ಹದಿಮೂರನೇ ದಿನ ಫೋನ್ ಬಂತು. ಮುಖ ನೋಡಲೂ ಬಿಡಲಿಲ್ಲ. ಕೊರೊನಾದವರನ್ನು ಇಡುತ್ತಿದ್ದ ಆ ಹಾಸ್ಟೆಲ್ಲಿನ ಹಾಲ್‌ನಲ್ಲಿ ಸಾಲು ಮಂಚಗಳ ನಡುವೆ ನಿಮಗೆ ಅದು ಯಾರಿಂದ ಹತ್ತಿತೋ, ಯಾರನ್ನು ಕೇಳಲಿ? ಒಂದು ಪ್ಲಾಸ್ಟಿಕ್ ಕವರ್ ಕೈಗೆ ಕೊಟ್ಟರು. ನಿಮ್ಮ ಕನ್ನಡಕ, ಎಲೆಅಡಿಕೆ ಸಂಚಿ, ಆ ಖಾಲಿ ಪಂಪು. ಅತ್ತೆಮ್ಮ, ನಿಜವಾಗಿ ಉಸಿರು ಸಿಗದೇ ಹೋದಾಗ, ಈ ಅಜ್ಜಿಗೆ ಪಂಪು ಇದೆ ಎಂದು ಯಾರಾದರೂ ಅದನ್ನೇ ನಿಮ್ಮ ಬಾಯಿಗೆ ಇಟ್ಟರಾ? ಅಥವಾ ನೀವೇ... ಇದೊಂದನ್ನು ಇಷ್ಟು ವರ್ಷ ಯಾರ ಮುಂದೆಯೂ ಕೇಳಿಲ್ಲ.

ಇವತ್ತು ಶಾಂತಕ್ಕ ಬಂದಿದ್ದು ಮೊಮ್ಮಗಳನ್ನು ಸೆರಗಲ್ಲಿ ಮುಚ್ಚಿಕೊಂಡು. ನಾಲ್ಕು ವರ್ಷದ ಕೂಸು, ಮೂಗಿನ ಹೊಳ್ಳೆ ಅರಳಿಸಿ ಸುಂಯ್ ಸುಂಯ್ ಎನ್ನುತ್ತಿತ್ತು. ನಿಮ್ಮತ್ತೆಯದು ಹಳೇ ಪಂಪು ಇದ್ದರೆ ಕೊಡು, ಯಾರಿಗೂ ಹೇಳಬೇಡ, ಹೆಣ್ಣುಮಗು ಎಂದಳು. ಅದೇ ಮಾತು, ಅದೇ ಪಿಸುದನಿ. ಮೊದಲು ಸಹನಾಳ ನೀಲಿ ಪಂಪು ತಂದು, ಡಬ್ಬಿ ಹಿಡಿದು ಕೂಸಿಗೆ ಎರಡು ಸಲ ಕೊಟ್ಟೆ. ಅದರ ಉಸಿರು ಸಡಿಲವಾದ ಮೇಲೆ ಹೇಳಿದೆ. ನಮ್ಮತ್ತೆಗೆ ಪಂಪೇ ಇರಲಿಲ್ಲ, ಅದೂ ಸಹನಾಳದೇ. ಅವತ್ತು ಕೆಮ್ಮಿದ್ದೂ ಸಹನಾನೇ.

ಅವಳು ಬೆಚ್ಚಿಬೀಳುತ್ತಾಳೆ ಅಂದುಕೊಂಡಿದ್ದೆ. ಕೂಸಿನ ಬೆನ್ನು ಸವರುತ್ತಲೇ ಇದ್ದಳು.

"ಗೊತ್ತಿತ್ತು ಕಣೆ ರೇಣುಕಾ. ಮುದುಕಿ ಕೆಮ್ಮು ಯಾವ್ದು, ಮಗು ಕೆಮ್ಮು ಯಾವ್ದು ಅಂತ ತಿಳಿಯಾಕಿಲ್ವಾ? ಮನೆಯೋಳು ನೀನೇ ಬಾಯಿ ಬಿಡ್ಲಿಲ್ಲ. ನಾನ್ಯಾಕೆ ಬಿಡ್ಲಿ ಅಂತ ಸುಮ್ನಾದೆ."

ಉಗಿದು ಕಳಿಸಬೇಕು ಅನಿಸಿತು. ಆದರೆ ಅವಳು ಹೇಳಿದ್ದರಲ್ಲಿ ಸುಳ್ಳು ಯಾವುದಿತ್ತು?

ನಿಮಗೆ ತಿಳಿಯದ ಸುದ್ದಿ ಒಂದಿದೆ. ನೀವು ಹೋದ ತಿಂಗಳೇ ನಾನು ಆ ಮುನ್ನೂರು ಹೆಜ್ಜೆ ನಡೆದೆ. ಮೆಡಿಕಲ್‌ನವನು ಹೆಸರು ಕೇಳಿದ, ಸಹನಾ ಎಂದೆ. ಬರೆದುಕೊಂಡ, ಎರಡೂ ಪಂಪು ಕೊಟ್ಟ, ಚಿಲ್ಲರೆ ಕೇಳಿದ. ಅಷ್ಟೇ. ಇಡೀ ಊರು ಮಾಡಿದ್ದು ಅಷ್ಟೇ, ಅತ್ತೆಮ್ಮ. ನೀವು ಅಷ್ಟಕ್ಕೆ ಹೋದಿರಿ. ನಿಮ್ಮ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ, ನನ್ನ ಮೇಲಿನದು ಇಳಿಯುವುದೂ ಬೇಡ. ಸಹನಾ ಈಗ ಖೋಖೋ ಆಡುತ್ತಾಳೆ. ಆಟಕ್ಕೆ ಮುಂಚೆ ಎಲ್ಲರೆದುರೇ ಪಂಪು ಎಳೆದುಕೊಳ್ಳುತ್ತಾಳೆ. ಶಾಂತಕ್ಕನೂ ನೋಡಿರುತ್ತಾಳೆ, ಆದರೂ ಇವತ್ತು ಕೇಳಿದ್ದು ನಿಮ್ಮ ಪಂಪನ್ನೇ.

ಶಾಂತಕ್ಕ ಹೊರಟಾಗ ಕೂಸನ್ನು ನಾನು ಎತ್ತಿಕೊಂಡೆ. ಮುಂದಿನ ಬಾಗಿಲಿಂದಲೇ ಓಣಿ ದಾಟಿಸಿ ಅವರ ಮನೆಗೆ ಬಿಟ್ಟುಬಂದೆ. ಶಾಂತಕ್ಕನಿಗಾಗಿ ಅಲ್ಲ. ನಾಳೆ ಎಂಟೂಕಾಲಿನ ಬಸ್ಸಿಗೆ ಅದನ್ನು ನ್ಯಾಮತಿ ಆಸ್ಪತ್ರೆಗೆ ಕರೆದುಕೊಂಡು ಹೋಗುವವಳು ನಾನು. ಚೀಟಿ ಆ ಕೂಸಿನ ಹೆಸರಿನಲ್ಲೇ ಇರುತ್ತದೆ.